ಪರದೆ ಎಳೆದು ಮಾಡಿದ ಪಾಠ

ಪ್ರತಿ ಮನೆಯಲ್ಲೂ ನೆಂಟರಿಗೆ ತೋರಿಸದ ಒಂದು ಮೂಲೆ ಇರುತ್ತದೆ. ನಮ್ಮ ಮನೆಯಲ್ಲಿ ಅದು ಬಚ್ಚಲ ಪಕ್ಕದ ಸೌದೆ ಗೂಡು. ಈಗ ಅಲ್ಲಿ ಸೌದೆ ಇಲ್ಲ. ಸೀಮೆಎಣ್ಣೆ ಡಬ್ಬ, ಕಾಲು ಮುರಿದ ಮಣೆ, ನಮ್ಮ ಯಜಮಾನರು ಬರುವ ಭಾನುವಾರ ರಿಪೇರಿ ಮಾಡುತ್ತೇನೆಂದು ವರ್ಷಗಳಿಂದ ಇಟ್ಟುಕೊಂಡಿರುವ ಟೇಬಲ್ ಫ್ಯಾನು, ಇವಿಷ್ಟು ಇವೆ. ಯಾರಾದರೂ ಬಂದರೆ ಮೊದಲು ಅದರ ಬಾಗಿಲು ಎಳೆದು ಆಮೇಲೆ ನೀರು ಕೊಡುತ್ತೇನೆ. ಹಾಗೆಯೇ ಪ್ರತಿ ಪಠ್ಯಪುಸ್ತಕದಲ್ಲೂ ಮೇಷ್ಟ್ರುಗಳು ಬಾಗಿಲು ಎಳೆದುಬಿಡುವ ಒಂದು ಪಾಠ ಇರುತ್ತದೆ. ಕನ್ನಡದವರಿಗೆ ಒಂದು ಶೃಂಗಾರದ ಪದ್ಯ, ಚರಿತ್ರೆಯವರಿಗೆ ಯಾವನೋ ಒಬ್ಬ ತಲೆನೋವಿನ ದೊರೆ. ಹತ್ತನೆಯ ತರಗತಿಗೆ ವಿಜ್ಞಾನ ಹೇಳಿಕೊಡುವ ನನ್ನಂಥವರಿಗೆ ಎರಡು. ಒಂದು ಸಂತಾನೋತ್ಪತ್ತಿಯ ಪಾಠ. ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದರೆ ಮುಗಿಯಿತು. ಮಕ್ಕಳು ನಾವು ಹೇಳುವುದಕ್ಕೆ ಮುಂಚೆಯೇ ಓದಿಕೊಂಡಿರುತ್ತಾರೆ. ಇನ್ನೊಂದು ಜೀವವಿಕಾಸ. ಅದನ್ನು ಯಾರೂ ಓದಿಕೊಂಡಿರುವುದಿಲ್ಲ.

ಇಂಥ ಪಾಠಗಳಿಗೆಂದೇ ನಮ್ಮಲ್ಲಿ ‘ಚಾಯ್ಸ್‌ಗೆ ಬಿಡುವುದು’ ಎಂಬ ಸಂಪ್ರದಾಯವಿದೆ. ಪ್ರಶ್ನೆಪತ್ರಿಕೆಯಲ್ಲಿ ಇಷ್ಟು ಪ್ರಶ್ನೆ ಕೊಟ್ಟು, ಇದರಲ್ಲಿ ಯಾವುದಾದರೂ ಇಷ್ಟಕ್ಕೆ ಉತ್ತರಿಸಿ ಎನ್ನುತ್ತಾರಲ್ಲ, ಆ ಉಳಿದ ಒಂದೆರಡು ಪ್ರಶ್ನೆಗಳ ಧೈರ್ಯದ ಮೇಲೆ ಒಂದು ಇಡೀ ಪಾಠವನ್ನೇ ಕೈಬಿಡುವುದು. ಬೇರೆ ದೇಶಗಳಲ್ಲಿ ಮನುಷ್ಯ ಎಲ್ಲಿಂದ ಬಂದ ಎಂಬ ಈ ಪಾಠಕ್ಕಾಗಿ ಕೋರ್ಟು ಕಚೇರಿ ಹತ್ತಿದ್ದಾರಂತೆ, ಪಾದ್ರಿಗಳೂ ಪಂಡಿತರೂ ಮುಖ ತಿರುಗಿಸಿಕೊಂಡಿದ್ದಾರಂತೆ. ನಮ್ಮ ಶಾಲೆಯಲ್ಲಿ ಯಾರೂ ಒಂದು ಮಾತು ಏರಿಸಿ ಆಡಲಿಲ್ಲ. ಚಾಯ್ಸ್‌ಗೆ ಬಿಟ್ಟೆವು. ದೇವರೂ ಗೆದ್ದ, ವಿಜ್ಞಾನವೂ ಸೋಲಲಿಲ್ಲ. ನನಗಿಂತ ಮುಂಚೆ ಇದ್ದ ವಿಜ್ಞಾನದ ಮೇಷ್ಟ್ರು ನಿವೃತ್ತರಾಗುವ ದಿನ ಬೀರುವಿನ ಕೀಲಿಕೈ ಜೊತೆಗೆ ಈ ಸಂಪ್ರದಾಯವನ್ನೂ ನನ್ನ ಕೈಗೆ ಕೊಟ್ಟು, “ಆ ಪಾಠ ಚಾಯ್ಸಮ್ಮಾ, ಕೈ ಹಾಕಬೇಡಿ” ಎಂದು ಹೇಳಿ ಹೋದರು. ಕೀಲಿಕೈ ಒಂದು ವರ್ಷದಲ್ಲಿ ಕಳೆದುಹೋಯಿತು. ಸಂಪ್ರದಾಯವನ್ನು ಜೋಪಾನವಾಗಿ ಇಟ್ಟುಕೊಂಡೆ.

ನಮ್ಮ ಶಾಲೆಗೆ ಇದರಲ್ಲಿ ಬೇರೆಯವರಿಗಿಲ್ಲದ ಒಂದು ತೊಡಕೂ ಇತ್ತು. ವಿಜಯನಗರ ಬಡಾವಣೆಯ ಅಂಚಿನಲ್ಲಿರುವ ಶಾಲೆ. ಸುತ್ತ ಸೈಟುಗಳಾಗಿ, ಮನೆಗಳೆದ್ದು, ಮಕ್ಕಳು ಹೆಚ್ಚಿದರೂ ಕೋಣೆಗಳು ಹೆಚ್ಚಲಿಲ್ಲ. ಆದ್ದರಿಂದ ಹತ್ತನೆಯ ತರಗತಿಯ ಬಿ ಸೆಕ್ಷನ್ನು ಪಕ್ಕದ ಆಂಜನೇಯಸ್ವಾಮಿ ದೇವಸ್ಥಾನದ ಹಾಲ್‌ನಲ್ಲಿ ನಡೆಯುತ್ತದೆ. ಶಾಲೆಯ ಕಾರ್ಯದರ್ಶಿಗಳಾದ ಮರಿಯಪ್ಪನವರೇ ದೇವಸ್ಥಾನದ ಧರ್ಮದರ್ಶಿಗಳೂ ಹೌದು. ಊರು ಊರಾಗಿದ್ದಾಗ ಆ ಜಾಗವೆಲ್ಲ ಅವರ ತಂದೆಯ ರಾಗಿ ಹೊಲ. ಅವರು ಒಂದು ಮೂಲೆಯನ್ನು ದೇವರಿಗೂ ಒಂದು ಮೂಲೆಯನ್ನು ವಿದ್ಯೆಗೂ ಬರೆದುಕೊಟ್ಟಿದ್ದರು. ದೇವರ ಮೂಲೆ ಸ್ವಲ್ಪ ದೊಡ್ಡದು.

ದೇವಸ್ಥಾನದಲ್ಲಿ ಪಾಠ ಹೇಳುವುದಕ್ಕೆ ಅಭ್ಯಾಸ ಬೇಕು. ಚಪ್ಪಲಿ ಹೊರಗೆ ಬಿಡಬೇಕು, ಆದ್ದರಿಂದ ನಾನು ಹತ್ತು ವರ್ಷದಿಂದ ಬರಿಗಾಲಲ್ಲಿ ಭೌತಶಾಸ್ತ್ರ ಹೇಳಿದ್ದೇನೆ. ಮಾಗಿಯ ಚಳಿಯಲ್ಲಿ ಆ ಕಲ್ಲುನೆಲದ ಮೇಲೆ ನಿಂತು ಉಷ್ಣದ ಪಾಠ ಮಾಡುವವರಿಗೆ ಉದಾಹರಣೆಗೆ ಬರವಿಲ್ಲ. ಪಾಠದ ನಡುವೆ ಯಾರಾದರೂ ಬಂದು ಗಂಟೆ ಹೊಡೆದರೆ ಬಿ ಸೆಕ್ಷನ್ನಿನ ಅಷ್ಟೂ ಕೈಗಳು ಪೆನ್ನು ಬಿಟ್ಟು ಕೆನ್ನೆಗೆ ಹೋಗಿ ಮತ್ತೆ ಪೆನ್ನಿಗೆ ಬರುತ್ತವೆ. ಗರ್ಭಗುಡಿಗೆ ಕಂಬಿ ಬಾಗಿಲು; ಅರ್ಚಕರು ಬೀಗ ಹಾಕಿ ಹೋದರೂ ಸ್ವಾಮಿ ಕಾಣುತ್ತಿರುತ್ತಾನೆ. ಕರಿಹಲಗೆಯನ್ನು ಎದುರಿನ ಗೋಡೆಗೆ ಒರಗಿಸಿರುವುದರಿಂದ ಸ್ವಾಮಿಗೂ ಚೆನ್ನಾಗಿ ಕಾಣುತ್ತದೆ. ಓಮನ ನಿಯಮವನ್ನು ಅವನಷ್ಟು ಸಲ ಕೇಳಿದವರು ಈ ಪ್ರಾಂತ್ಯದಲ್ಲಿ ಯಾರೂ ಇಲ್ಲ.

ಎಲ್ಲವೂ ಹೀಗೆ ಸುಖವಾಗಿ ಸಾಗುತ್ತಿದ್ದಾಗ ಒಂದು ವರ್ಷ ಪಬ್ಲಿಕ್ ಪರೀಕ್ಷೆಯಲ್ಲಿ ಜೀವವಿಕಾಸದ ಮೇಲೆ ದೊಡ್ಡದೊಂದು ಪ್ರಶ್ನೆ ಬಂತು, ಚಾಯ್ಸ್ ಇಲ್ಲದ ಕಡೆ. ಫಲಿತಾಂಶ ಬಂದ ಮೇಲೆ ಜಯಮ್ಮ ಎಂಬಾಕೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಗಂಡ ಬಿನ್ನಿಪೇಟೆಯ ಕಡೆ ಮಿಲ್ಲಿನಲ್ಲಿ ಕೆಲಸಕ್ಕಿದ್ದು ಆಗ ಮನೆಯಲ್ಲಿ ಕೂತಿದ್ದರು. ಈಕೆ ಬ್ಲೌಸು ಹೊಲಿದು ಸಂಸಾರ ತೂಗಿಸುತ್ತಿದ್ದರು. ಮಗ ವಿಜ್ಞಾನದಲ್ಲಿ ಕೂದಲೆಳೆಯಲ್ಲಿ ಹೋಗಿದ್ದ. ಬೈಯುತ್ತಾರೆ ಎಂದುಕೊಂಡು ನಾನು ಕುರ್ಚಿ ಸರಿಸಿದೆ. ಅವರು ಕೂರಲಿಲ್ಲ.

“ಮಿಸ್, ಅವನು ಓದ್ಲಿಲ್ಲ ಅಂತ ಫೇಲಾಗಿದ್ರೆ ನಾನೇ ನಾಲ್ಕು ಬಿಟ್ಟು ಸುಮ್ನಾಗ್ತಿದ್ದೆ. ನೀವು ಹೇಳ್ಕೊಡ್ಲಿಲ್ಲ ಅಂತ ಫೇಲಾದ್ನಲ್ಲ, ಈಗ ನಾನು ಯಾರಿಗೆ ಹೊಡೀಲಿ?”

ಹೋಗುವಾಗ, “ಸುಜಾತ ಬರೋ ವರ್ಷ ನಿಮ್ಮ ಕ್ಲಾಸಿಗೇ ಬರ್ತಾಳೆ. ನೋಡ್ಕೊಳ್ಳಿ ಮಿಸ್” ಎಂದರು. ಸುಜಾತ ಅವರ ಮಗಳು. ಬಿ ಸೆಕ್ಷನ್ನು.

ಆದ್ದರಿಂದ ಮರುವರ್ಷ ಜೀವವಿಕಾಸ ಮಾಡಿಯೇ ತೀರುವುದೆಂದು ನಿಶ್ಚಯಿಸಿದೆ. ಎ ಸೆಕ್ಷನ್ನಿಗೆ ಕಟ್ಟಡದೊಳಗೆ ಸದ್ದಿಲ್ಲದೆ ಮಾಡಿ ಮುಗಿಸಿದೆ. ಬಿ ಸೆಕ್ಷನ್ನಿನಲ್ಲಿ ಪಾಠದ ಹೆಸರನ್ನು ಹಲಗೆಯ ಮೇಲೆ ಬರೆದ ದಿನವೇ ಮರಿಯಪ್ಪನವರ ಬುಲಾವು ಬಂತು. ಹೊಸದಾಗಿ ತಂದಿದ್ದ ಕಲರ್ ಟಿವಿಯ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಸರಿಮಾಡುತ್ತಾ ಅವರು ನಿಧಾನವಾಗಿಯೇ ಹೇಳಿದರು. “ನಾನು ಓದಿದೋನಲ್ಲ ಮೇಡಂ. ಪುಸ್ತಕದಲ್ಲಿ ಇರೋದು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಮಕ್ಕಳು ಬೆಳಿಗ್ಗೆ ಸ್ವಾಮಿಗೆ ಕೈಮುಗಿದು ಕೂತ್ಕೋತಾವೆ. ಅಲ್ಲೇ ಕೂತು, ಮಂಗ ಅಂದ್ರೆ ಇಷ್ಟೇನೇ ಅಂತ ಬರ್ಕೊಂಡ್ರೆ, ನಾಳೆ ಬೆಳಿಗ್ಗೆ ಕೈಮುಗಿಯೋವಾಗ ಏನಂದ್ಕೋತಾವೆ? ಬೇರೆ ಎಲ್ಲಾದ್ರೂ ಮಾಡ್ಕೊಳ್ಳಿ. ಸ್ವಾಮಿ ಎದುರಿಗೆ ಬೇಡ. ಕಮಿಟಿಯೋರು ಹಾಲು ಖಾಲಿ ಮಾಡ್ಸಿ ಅಂದ್ರೆ ನನಗೂ ತಡೆಯೋಕಾಗಲ್ಲ.”

ಮನುಷ್ಯರು ಕೂಗಾಡಿದರೆ ನನಗೆ ಸುಲಭ. ನಾನೂ ಕೂಗಾಡಿ ಮನೆಗೆ ಬಂದು ಕಾಫಿ ಕುಡಿಯುತ್ತೇನೆ. ಹೀಗೆ ಮೆಲ್ಲಗೆ ಹೇಳಿದರೆ ಏನು ಮಾಡುವುದು? ಹಾಲು ಹೋದರೆ ಬಿ ಸೆಕ್ಷನ್ನು ಬೀದಿಗೆ. ಪಾಠ ಬಿಟ್ಟರೆ ಜಯಮ್ಮ ಬಾಗಿಲಿಗೆ. ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, “ನಿನ್ನ ಸಂಬಳದಲ್ಲಿ ಮಂಗನ ಪಾಲು ಎಷ್ಟು?” ಎಂದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವವರಿಗೆ ಲೋಕದ ಎಲ್ಲ ಸಮಸ್ಯೆಯೂ ಇನ್ನೊಂದು ಸೆಕ್ಷನ್ನಿಗೆ ಸೇರಿದ್ದು.

‘ಬೇರೆ ಎಲ್ಲಾದರೂ’ ಎಂದಿದ್ದರಲ್ಲ, ಮೊದಲು ಶಾಲೆಯ ಅಂಗಳದಲ್ಲಿ ಮಾಡಿದೆ. ಹೊಂಗೆ ಮರಕ್ಕೆ ಕರಿಹಲಗೆ ಒರಗಿಸಿ, ಜಾಲಿ ಗೂಟಕ್ಕೆ ಚಾರ್ಟು ನೇತುಹಾಕಿದೆ. ಬಗ್ಗಿ ನಡೆಯುವವನಿಂದ ಹಿಡಿದು ನೆಟ್ಟಗೆ ನಡೆಯುವವನವರೆಗೆ ಸಾಲಾಗಿ ಹೊರಟಿರುವ ಚಿತ್ರದ ಚಾರ್ಟು. ಬಿಸಿಲು ಏರುತ್ತಿದ್ದ ಕಾಲ, ಜೊತೆಗೆ ಗಾಳಿ. ಒಂದೇ ಬೀಸಿಗೆ ಚಾರ್ಟು ಗೂಟ ಬಿಟ್ಟು, ಕಾಂಪೌಂಡು ಹಾರಿ, ಪಕ್ಕದ ಮನೆಯ ತಾರಸಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆ ಮನೆಯಾಕೆ ಮೇಲಿಂದಲೇ, “ಮಿಸ್, ನಿಮ್ ಮಂಗಗಳು ಬಂದು ನಮ್ ಸಂಡಿಗೆ ಮೇಲೆ ಮಲಗಿವೆ” ಎಂದು ಕೂಗಿದರು. ಚಾರ್ಟು ವಾಪಸು ಬಂದಾಗ ನೆಟ್ಟಗೆ ನಡೆಯುವವನ ಮುಖದ ತುಂಬ ಅಕ್ಕಿ ಹಿಟ್ಟು ಮೆತ್ತಿಕೊಂಡಿತ್ತು. ಆ ಹೊತ್ತಿಗೆ ಎಂಟನೆಯ ತರಗತಿಯ ಡ್ರಿಲ್ಲು ಶುರುವಾಯಿತು. ಮಕ್ಕಳು ಅಂದು ಕಲಿತದ್ದು ಸಂಡಿಗೆ ಹಿಟ್ಟಿಗೆ ಜೀರಿಗೆ ಹಾಕುತ್ತಾರೆ ಎಂಬುದಷ್ಟೇ.

ನಾನು ಹಲಗೆ ಹೊರಿಸಿಕೊಂಡು ವಾಪಸು ಬರುವುದನ್ನು ಅರ್ಚಕರಾದ ರಾಘವಾಚಾರ್ರು ನೋಡಿದರು. ತೆಳ್ಳಗಿನ ಮನುಷ್ಯ. ದೇವಸ್ಥಾನದ ಪೂಜೆ ಮುಗಿಸಿ, ಬೀಗ ಹಾಕಿ, ಸೈಕಲ್ಲು ಹತ್ತಿ ಬಾಪೂಜಿನಗರ, ನಾಯಂಡಹಳ್ಳಿ ಎಂದು ಮನೆಮನೆಯ ಸತ್ಯನಾರಾಯಣ ಪೂಜೆ ಮಾಡಿಸಿ ಬರುವವರು. ಶನಿವಾರ ಮಾತ್ರ ಜನ ಬರುವುದರಿಂದ ಮಧ್ಯಾಹ್ನದವರೆಗೆ ಇಲ್ಲೇ ಇರುತ್ತಾರೆ.

“ಏನ್ ಮೇಡಂ, ಸ್ವಾಮಿ ಎದುರಿಗೆ ಬೇಡ ಅಂದ್ರಂತೆ?”

“ಹೌದು ಆಚಾರ್ರೇ.”

“ಎದುರಿಗೆ ತಾನೆ ಬೇಡ? ಶನಿವಾರ ನೈವೇದ್ಯಕ್ಕೆ ಪರದೆ ಎಳೀತೀನಲ್ಲ, ಆಗ ಮಾಡ್ಕೊಳ್ಳಿ. ಪರದೆ ಎಳೆದ ಮೇಲೆ ಎದುರು ಎಲ್ಲಿಂದ ಬಂತು?”

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಸ್ವಾಮಿ ಊಟಕ್ಕೆ ಕೂತಾಗ ಪರದೆ. ಆಗ ಹೊರಗಿನ ಲೋಕಕ್ಕೂ ಅವನಿಗೂ ಸಂಬಂಧವಿಲ್ಲ. ಇದು ಅವರ ಶಾಸ್ತ್ರ. “ಮರಿಯಪ್ಪನವ್ರಿಗೆ ನಾನು ಹೇಳ್ತೀನಿ, ನೀವು ಯೋಚ್ನೆ ಬಿಡಿ” ಎಂದರು. ಶನಿವಾರ ಬೆಳಗಿನ ಶಾಲೆ, ಕೊನೆಗೆ ನನ್ನದೇ ಎರಡು ಪೀರಿಯಡ್ಡು. ಎಲ್ಲ ಕೂಡಿಬಂದಿತ್ತು. ನಾವಿಬ್ಬರೂ ಮರೆತಿದ್ದು ಎರಡು ಸಂಗತಿ. ನೈವೇದ್ಯದ ಪರದೆ ಹತ್ತು ನಿಮಿಷದ್ದು, ನನ್ನ ಪಾಠ ಅದರ ಎಷ್ಟೋ ಪಟ್ಟಿನದು. ಇನ್ನೊಂದು, ಪರದೆ ಎಳೆದಿರುವಾಗ ಬಂದ ಭಕ್ತರು ವಾಪಸು ಹೋಗುವುದಿಲ್ಲ. ಪರದೆ ತೆಗೆದು ಮಂಗಳಾರತಿ ಆಗುವುದಕ್ಕೆ ಮುಂಚೆ ಎದ್ದು ಹೋಗುವುದು, ಊಟಕ್ಕೆ ಕರೆದವರ ಮನೆಯಿಂದ ಎಲೆ ಹಾಕಿದ ಮೇಲೆ ಎದ್ದು ಹೋದ ಹಾಗೆ.

ಶನಿವಾರ ಪರದೆ ಸರ್ರೆಂದಿತು. ನಾನು ಶುರುಮಾಡಿದೆ. ಕುದುರೆಯ ಕಾಲು, ಜಿರಾಫೆಯ ಕುತ್ತಿಗೆ ಎಂದು ಹೋಗುತ್ತಿರುವಾಗ ಬೆನ್ನ ಹಿಂದೆ ಯಾರೋ ಕೂತ ಹಾಗಾಯಿತು. ತಿರುಗಿದರೆ ಹಣ್ಣುಕಾಯಿ ಬುಟ್ಟಿ ಹಿಡಿದ ಹೆಂಗಸರಿಬ್ಬರು. ಮತ್ತೆ ಸ್ವಲ್ಪ ಹೊತ್ತಿಗೆ ಒಬ್ಬ ಆಟೋದವರು, ಆಮೇಲೆ ಮಗು ಎತ್ತಿಕೊಂಡ ಒಂದು ಸಂಸಾರ, ಆಮೇಲೆ ಲೆಕ್ಕ ತಪ್ಪಿತು. ಎಲ್ಲರೂ ಪರದೆಗೆ ಕೈಮುಗಿದು, ತೆರೆಯುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ, ನನ್ನ ಕಡೆ ತಿರುಗಿ ಕೂತರು. ನನ್ನ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಅಷ್ಟು ಭಕ್ತಿಯಿಂದ ಪಾಠ ಕೇಳಿದವರನ್ನು ನಾನು ಕಂಡಿರಲಿಲ್ಲ.

ಎಲ್ಲರಿಗಿಂತ ಮುಂದೆ ಕಾಲು ನೀಡಿ ಕೂತವರು ಚನ್ನಮ್ಮಜ್ಜಿ, ಮರಿಯಪ್ಪನವರ ಸೋದರತ್ತೆ. ಕಿವಿ ಚುರುಕು. ನಾನು ನಮ್ಮ ದೇಹದಲ್ಲಿ ಈಗ ಬಳಕೆಯಿಲ್ಲದೆ ಉಳಿದಿರುವ ಭಾಗಗಳ ಮಾತಿಗೆ ಬಂದಿದ್ದೆ. ಅಪೆಂಡಿಕ್ಸ್ ಎಂದ ಕೂಡಲೇ ಆಟೋದವರು, “ನಂದು ತೆಗ್ಸಾಯ್ತು ಮೇಡಂ” ಎಂದು ಅಂಗಿ ಎತ್ತಲು ಹೋದರು, ಹುಡುಗಿಯರಿದ್ದಾರೆಂದು ತಡೆದೆ. ಬೆನ್ನುಮೂಳೆಯ ತುದಿಯಲ್ಲಿ ಬಾಲದ ಗುರುತು ಇದೆ ಎಂದಾಗ ಅಜ್ಜಿಗೆ ತಡೆಯಲಾಗಲಿಲ್ಲ.

“ಏನವ್ವಾ, ನಮಗೂ ಬಾಲ ಇತ್ತಾ?”

“ನಮಗಲ್ಲ ಅಜ್ಜಿ, ನಮ್ಮ ಹಿಂದಿನ ಹಿಂದಿನೋರಿಗೆ.”

“ಎಲ್ಲೋಯ್ತು?”

“ಬೇಕಾಗ್ಲಿಲ್ಲ, ಹೋಯ್ತು.”

ಅಜ್ಜಿ ಪರದೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. “ಅದೇ ನೋಡು. ಇಟ್ಕೊಂಡಿರೋನು ದೇವರಾದ. ಕಳ್ಕೊಂಡಿರೋ ನಾವು ಸಿಟಿ ಬಸ್ಸಲ್ಲಿ ನೇತಾಡ್ತಾ ಇದೀವಿ.”

ಬಿ ಸೆಕ್ಷನ್ನು ನಕ್ಕಿತು. ಹೆಂಗಸರಲ್ಲೊಬ್ಬರು, “ಹಾಗಾದ್ರೆ ನಾವು ಮೇಲಕ್ಕೆ ಬಂದ್ವೋ ಕೆಳಕ್ಕೆ ಹೋದ್ವೋ ಮೇಡಂ?” ಎಂದು ಕೇಳಿದರು. ಮೇಲೂ ಇಲ್ಲ, ಕೆಳಗೂ ಇಲ್ಲ, ಬದುಕಿ ಉಳಿಯುವುದಕ್ಕೆ ಯಾವುದು ಒದಗಿತೋ ಅದು ಉಳಿಯಿತು ಎಂದೆ. ಹಾಗೆ ಹೇಳಿದ ಮೇಲೆ ನನಗೂ ಅದು ಅರ್ಥವಾದಂತೆನಿಸಿತು. ಎ ಸೆಕ್ಷನ್ನಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಹೆಬ್ಬಾಗಿಲಲ್ಲಿ ಮರಿಯಪ್ಪನವರು ಕಾಣಿಸಿಕೊಂಡರು. ಕೈಯಲ್ಲಿ ತುಳಸಿ ಹಾರ. ಮೊದಲು ಪರದೆ ನೋಡಿದರು, ಆಮೇಲೆ ಜನ, ಆಮೇಲೆ ಹಲಗೆಯ ಮೇಲೆ ನಾನು ನೇತುಹಾಕಿದ್ದ ಹಿಟ್ಟು ಮೆತ್ತಿದ ಚಾರ್ಟು. ಆಚಾರ್ರು ಅವರಿಗೆ ಏನನ್ನೂ ಹೇಳಿರಲಿಲ್ಲ ಎಂಬುದು ಅವರ ಮುಖದಲ್ಲೇ ಗೊತ್ತಾಯಿತು. ಹಾಲು ಹೋಯಿತು, ಬಿ ಸೆಕ್ಷನ್ನು ಬೀದಿಗೆ ಬಿತ್ತು, ಜಯಮ್ಮನಿಗೆ ಏನು ಹೇಳಲಿ ಎಂದುಕೊಂಡೆ. ಮರಿಯಪ್ಪನವರು ತಿರುಗಿ ಹೋಗಲು ಒಂದು ಹೆಜ್ಜೆ ಇಟ್ಟರು.

“ಲೇ ಮರಿಯಾ, ಎಲ್ಲಿಗೋ? ಪರದೆ ತೆಗೆದಿಲ್ಲ ಇನ್ನೂ, ಕೂತ್ಕೋ” ಎಂದರು ಚನ್ನಮ್ಮಜ್ಜಿ.

ಧರ್ಮದರ್ಶಿಗಳು ಕೂತರು. ಸುಜಾತ ಎದ್ದು ನಿಂತಳು. ಅಮ್ಮನ ಮಗಳೇ, ಬಿಟ್ಟ ಪಾಠದ ಬೆಲೆ ಮನೆಯಲ್ಲಿ ನೋಡಿದ್ದವಳು. “ಮಿಸ್, ಮಂಗನಿಂದ ಮನುಷ್ಯ ಬಂದಿದ್ರೆ, ಮಂಗಗಳು ಇನ್ನೂ ಯಾಕೆ ಇದಾವೆ? ಅವೂ ಮನುಷ್ಯ ಆಗ್ಬೇಕಿತ್ತಲ್ಲ?”

ಪುಸ್ತಕದಲ್ಲಿ ಇದಕ್ಕೆ ‘ಸಮಾನ ಪೂರ್ವಜ’ ಎಂಬ ಶಬ್ದವಿತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದವಳು, ಎದುರಿಗೆ ಕೂತಿದ್ದವರನ್ನು ನೋಡಿ, ಅದು ಅರ್ಧ ಜನಕ್ಕೆ ಮುಟ್ಟುವುದಿಲ್ಲ ಎನಿಸಿ, ನಮ್ಮ ಮನೆಯ ಮಾತಿಗೆ ಇಳಿದೆ. “ಮಂಗ ನಮ್ಮ ಅಜ್ಜ ಅಲ್ಲಮ್ಮ. ಮಂಗ ನಮ್ಮ ದಾಯಾದಿ. ಮುತ್ತಜ್ಜನ ಮುತ್ತಜ್ಜ ಯಾರೋ ಒಬ್ಬ ಇದ್ದ. ಅವನು ಇವತ್ತಿನ ಮಂಗನೂ ಅಲ್ಲ, ಮನುಷ್ಯನೂ ಅಲ್ಲ. ಆ ಮನೆ ಪಾಲಾಯ್ತು. ಒಂದು ಕವಲು ಮರದ ಮೇಲೇ ಉಳೀತು, ಒಂದು ಕವಲು ನೆಲಕ್ಕಿಳೀತು.”

ಮರಿಯಪ್ಪನವರು ತಲೆಯೆತ್ತಿದರು. ನಾಯಂಡಹಳ್ಳಿಯ ಹತ್ತಿರದ ಜಮೀನಿಗಾಗಿ ದೊಡ್ಡಪ್ಪನ ಮಕ್ಕಳ ಜೊತೆ ಅವರು ಕೋರ್ಟಿಗೆ ತಿರುಗುತ್ತಿರುವುದು ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು, ಆ ಕ್ಷಣದಲ್ಲಿ ನೆನಪಿರಲಿಲ್ಲ.

“ದಾಯಾದಿ ಅಂದ್ರಾ?”

“ಹೌದು ಸಾರ್.”

“ಅಪ್ಪ ಮಗ ಅಲ್ಲ?”

“ಅಲ್ಲ ಸಾರ್.”

“ಪಾಲಾಗಿ ಎಷ್ಟು ಕಾಲ ಆಯ್ತು?”

“ಕೋಟ್ಯಂತರ ವರ್ಷ ಸಾರ್.”

ಅವರು ತುಳಸಿ ಹಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಯೋಚಿಸಿದರು. “ಕೇಸು ಗೀಸು ಏನೂ ನಡೀತಿಲ್ಲ ತಾನೆ?”

“ಸದ್ಯಕ್ಕಿಲ್ಲ ಸಾರ್.”

“ಹಾಗಾದ್ರೆ ಒಳ್ಳೇ ದಾಯಾದಿಗಳೇ ಬಿಡಿ” ಎಂದರು. ಚನ್ನಮ್ಮಜ್ಜಿ, “ಆ ಕವಲಿನೋರು ಬುದ್ಧಿವಂತ್ರು ಕಣೋ, ಜಮೀನು ನಿಮಗೇ ಬಿಟ್ಟು ಮರ ಇಟ್ಕೊಂಡ್ರು” ಎಂದದ್ದಕ್ಕೆ ಧರ್ಮದರ್ಶಿಗಳೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಬೇಗ ಮುಗ್ಸಿ ಮೇಡಂ. ಸ್ವಾಮಿ ಅನ್ನ ಆರಿಹೋಗಿರುತ್ತೆ” ಎಂದರು. ಒಪ್ಪಿದರೆಂದು ನಾನು ಹೇಳುವುದಿಲ್ಲ. ಹಾರ ಕೊಟ್ಟು ಹೋಗುವಾಗಲೂ ಅವರು ಚಾರ್ಟಿನ ಕಡೆ ನೋಡಲಿಲ್ಲ. ಆದರೆ ಹಾಲು ಖಾಲಿ ಮಾಡಿಸುವ ಮಾತು ಮತ್ತೆ ಬರಲಿಲ್ಲ.

ಬೆಲ್ಲು ಹೊಡೆಯುವುದಕ್ಕೂ ಪರದೆ ಸರಿಯುವುದಕ್ಕೂ ಸರಿಹೋಯಿತು. ನನ್ನ ಪಾಠ ಮುಗಿಯಲೆಂದು ಅಷ್ಟು ಹೊತ್ತೂ ಪರದೆಯ ಒಳಗೇ ಕಾದಿದ್ದ ಆಚಾರ್ರು ಬೆವರಿನಲ್ಲಿ ತೊಯ್ದುಹೋಗಿದ್ದರು. ಮಂಗಳಾರತಿ ತಟ್ಟೆ ನನ್ನ ಮುಂದೆ ಬಂದಾಗ, “ಜಿರಾಫೆ ತನಕ ಸರಿಯಾಗಿ ಕೇಳಿಸ್ತು ಮೇಡಂ, ಆಮೇಲೆ ಜನದ ಗಲಾಟೆ” ಎಂದು ಪಿಸುಗುಟ್ಟಿದರು.

ಇನ್ನು ನನ್ನ ವಿಷಯ. ಇಷ್ಟೆಲ್ಲ ಮಾಡಿ ಕಲಿಸಿದ ಪಾಠ. ಸುಜಾತ ಅದನ್ನು ದಾಯಾದಿಗಳ ಸಮೇತ ಅರೆದು ಕುಡಿದಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ನಾನು ಮಿಂದು, ದೇವಸ್ಥಾನಕ್ಕೆ ಹೋಗಿ, ಯಾರೂ ಇಲ್ಲದ್ದು ನೋಡಿಕೊಂಡು ಸ್ವಾಮಿಯ ಮುಂದೆ ನಿಂತೆ. “ಜೀವವಿಕಾಸದಿಂದ ದೊಡ್ಡ ಪ್ರಶ್ನೆ ಒಂದು ಬರೋ ಹಾಗೆ ಮಾಡಪ್ಪ, ಉದ್ದಿನ ವಡೆ ಹಾರ ಹಾಕಿಸ್ತೀನಿ” ಎಂದು ಬೇಡಿಕೊಂಡೆ. ಮಧ್ಯಾಹ್ನ ಪ್ರಶ್ನೆಪತ್ರಿಕೆ ನೋಡಿದೆ. ಆ ಪಾಠದಿಂದ ಬಿಟ್ಟ ಸ್ಥಳ ತುಂಬುವ ಒಂದು ಪ್ರಶ್ನೆಯೂ ಇರಲಿಲ್ಲ.

ಸುಜಾತ ಬೇರೆ ಪ್ರಶ್ನೆಗಳಲ್ಲೇ ಪಾಸಾದಳು, ಅಣ್ಣನೂ ಮತ್ತೆ ಕಟ್ಟಿ ಪಾಸಾಗಿದ್ದ. ಜಯಮ್ಮ ಸ್ಟಾಫ್ ರೂಮಿಗೆ ಬಂದು ಈ ಸಲ ಕುರ್ಚಿಯ ಮೇಲೆ ಕೂತು, “ನೀವು ಹೇಳ್ಕೊಟ್ರಿ ಮಿಸ್. ಅವರು ಕೇಳ್ಲಿಲ್ಲ ಅಂದ್ರೆ ಅದು ಅವರ ನಷ್ಟ” ಎಂದರು. ಆ ಮಾತಿಗೆ ನಾನು ಸಮಾಧಾನ ಪಡಬೇಕಿತ್ತು. ಪಡಲಿಲ್ಲ. ಸಂಜೆ ಆಚಾರ್ರು ಸೈಕಲ್ಲು ಒರಗಿಸುತ್ತಿದ್ದಾಗ ಹೋಗಿ ದೂರು ಕೊಟ್ಟೆ. “ಆಚಾರ್ರೇ, ಅಷ್ಟು ಬೇಡ್ಕೊಂಡೆ. ನಿಮ್ಮ ಸ್ವಾಮಿ ಒಂದು ಪ್ರಶ್ನೆನೂ ಕೊಡಿಸ್ಲಿಲ್ಲ.”

ಅವರು ಸೈಕಲ್ಲಿಗೆ ಬೀಗ ಹಾಕುತ್ತಾ, “ಅವನದೇನು ತಪ್ಪು ಮೇಡಂ? ಪರದೆ ಎಳೆದಿದ್ವಲ್ಲ. ನೀವು ಯಾವ ಪಾಠ ಮಾಡಿದ್ರಿ ಅಂತ ಅವನಿಗೆ ಗೊತ್ತಾಗೋದಾದ್ರೂ ಹೇಗೆ?” ಎಂದರು.

ಬಿ.ಎಸ್ಸಿ., ಬಿ.ಎಡ್. ಓದಿದವಳು ನಾನು. ಪ್ರಮಾಣ, ಪ್ರಯೋಗ, ಅನುಮಾನ ಎಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು. ಮನೆಯವರೆಗೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲೂ ದೋಷ ಕಾಣಲಿಲ್ಲ. ಮರುವರ್ಷ ಅದೇ ಪಾಠದ ಶನಿವಾರ ಬಂದಾಗ, ಮಕ್ಕಳು ಬರುವುದಕ್ಕೆ ಮುಂಚೆ ಹೋಗಿ ಆಚಾರ್ರನ್ನು ಪಕ್ಕಕ್ಕೆ ಕರೆದು, ಪರದೆಯನ್ನು ಪೂರ್ತಿ ಎಳೆಯಬೇಡಿ, ಹಲಗೆ ಕಾಣುವಷ್ಟು, ಒಂದೇ ಒಂದು ಗೇಣು, ಬಿಟ್ಟಿರಿ ಎಂದು ಕೇಳಿಕೊಂಡೆ.